ಕಲ್ಲಹಳ್ಳಿಯ ಜಮೀನಿನಿಂದ ವಿಧಾನಸೌಧಕ್ಕೆ: ಡಿ. ದೇವರಾಜ ಅರಸು ಬದುಕು ಮತ್ತು ಗೇಣಿ ಕಾನೂನು

ಹುಣಸೂರು: ತಾಲ್ಲೂಕು ಕಚೇರಿಗೆ ಹಳೇ ಜಮೀನಿನ ತಕರಾರು ಹೊತ್ತು ಹೋದವರಿಗೆ ಒಂದು ತಾರೀಖು ಬಾಯಿಪಾಠ ಆಗಿರುತ್ತೆ. 1974ರ ಮಾರ್ಚ್ 1. ಆ ದಿನಕ್ಕೆ ಮುಂಚೆ ಜಮೀನು ಯಾರ ಉಳುಮೆಯಲ್ಲಿತ್ತು, ಪಹಣಿಯ ಸಾಗುವಳಿದಾರರ ಕಾಲಂನಲ್ಲಿ ಯಾರ ಹೆಸರಿತ್ತು, ನಮೂನೆ 7 ಹಾಕಿದ್ದರೋ ಇಲ್ಲವೋ, ಈ ಮೂರು ಪ್ರಶ್ನೆಗಳ ಮೇಲೆ ರಾಜ್ಯದಲ್ಲಿ ಲಕ್ಷಾಂತರ ಮನೆಗಳ ಹಣೆಬರಹ ತೀರ್ಮಾನವಾಗಿದೆ. ಆ ತಾರೀಖನ್ನು ಕಾನೂನಿನಲ್ಲಿ ಕೂರಿಸಿದ ಮುಖ್ಯಮಂತ್ರಿ ಇದೇ ತಾಲ್ಲೂಕಿನ ಕಲ್ಲಹಳ್ಳಿಯವರು. ಅವರೂ ಜಮೀನುದಾರರ ಮನೆಯವರೇ.

ಡಿ. ದೇವರಾಜ ಅರಸು 1972ರ ಮಾರ್ಚ್ 20ರಿಂದ 1977ರ ಡಿಸೆಂಬರ್ 31ರವರೆಗೆ, ಆಮೇಲೆ 1978ರ ಫೆಬ್ರವರಿ 28ರಿಂದ 1980ರ ಜನವರಿವರೆಗೆ ಎರಡು ಸಲ ಮುಖ್ಯಮಂತ್ರಿ ಆಗಿದ್ದರು. ಎರಡೂ ಸೇರಿದರೆ ಏಳೂವರೆ ವರ್ಷಕ್ಕಿಂತ ಜಾಸ್ತಿ. ಅಷ್ಟು ಕಾಲ ಕುರ್ಚಿಯಲ್ಲಿ ಕೂತ ದಾಖಲೆ ದಶಕಗಟ್ಟಲೆ ಅವರ ಹೆಸರಲ್ಲೇ ಉಳಿದಿತ್ತು. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಬಟ್ಟೆ ಕೊಳ್ಳೋಕೆ ಹೋಗುವ ಹೊಸ ಹುಡುಗರಿಗೆ ಅದೊಂದು ರಸ್ತೆಯ ಹೆಸರು ಅಷ್ಟೆ. ಆಗಸ್ಟ್ 20ರಂದು ಸರ್ಕಾರಿ ಕಚೇರಿಗಳಲ್ಲಿ ಫೋಟೋಗೆ ಹಾರ ಬೀಳುತ್ತೆ, ಭಾಷಣ ಆಗುತ್ತೆ. ಆ ಕಾನೂನು ಹೇಗೆ ಕೆಲಸ ಮಾಡಿತು, ಯಾರ ಮನೆ ಬೆಳಗಿತು, ಯಾರ ಮನೆಗೆ ತಲುಪಲೇ ಇಲ್ಲ ಅನ್ನೋದು ಭಾಷಣಗಳಲ್ಲಿ ಬರೋದು ಕಮ್ಮಿ.

ಹುಟ್ಟು, ಓದು, ವ್ಯವಸಾಯ

ಹುಟ್ಟಿದ್ದು 1915ರ ಆಗಸ್ಟ್ 20. ತಂದೆಯ ಹೆಸರೂ ದೇವರಾಜ ಅರಸು, ತಾಯಿ ದೇವೀರಮ್ಮಣ್ಣಿ. ಅರಸು ಸಮುದಾಯ ಸಂಖ್ಯೆಯಲ್ಲಿ ತೀರಾ ಚಿಕ್ಕದು. ಮೈಸೂರು ಒಡೆಯರ ಮನೆತನಕ್ಕೆ ದೂರದ ನೆಂಟಸ್ತಿಕೆ ಇದ್ದ ಕುಟುಂಬ. ತಮ್ಮ ಕೆಂಪರಾಜ ಅರಸು ಸಿನಿಮಾ ಕಡೆ ಹೋಗಿ ನಟರಾಗಿ, ನಿರ್ದೇಶಕರಾಗಿ ಹೆಸರು ಮಾಡಿದರು.

ಓದು ಮೈಸೂರಿನ ಅರಸು ಬೋರ್ಡಿಂಗ್ ಸ್ಕೂಲಿನಲ್ಲಿ ಶುರುವಾಯಿತು. ಅರಸು ಹುಡುಗರು ಮುಂದೆ ಒಳ್ಳೇ ಹುದ್ದೆ ಹಿಡಿಯಲಿ ಅಂತ ಮಹಾರಾಜರು ಕಟ್ಟಿಸಿದ ಶಾಲೆ ಅದು. ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ. ಆ ಕಾಲಕ್ಕೆ ಪದವಿ ಕೈಯಲ್ಲಿದ್ದವನಿಗೆ, ಅದೂ ಅರಮನೆ ಕಡೆಯ ಬಳಗದವನಿಗೆ, ಹುಜೂರು ಕಚೇರಿಯಲ್ಲೋ ಅರಮನೆ ಇಲಾಖೆಯಲ್ಲೋ ನೌಕರಿ ಸಿಗೋದು ಕಷ್ಟವಿರಲಿಲ್ಲ. ಅರಸು ಆ ದಾರಿ ಹಿಡಿಯದೆ ಕಲ್ಲಹಳ್ಳಿಗೆ ವಾಪಸ್ ಬಂದು ವ್ಯವಸಾಯಕ್ಕೆ ಇಳಿದರು. ಮದುವೆ ಚಿಕ್ಕಮ್ಮಣ್ಣಿ ಅವರ ಜೊತೆ, ಮೂವರು ಹೆಣ್ಣುಮಕ್ಕಳು. ಮುಂದೆ ಮುಖ್ಯಮಂತ್ರಿ ಆದಮೇಲೆ ಜನರ ಕಣ್ಣಲ್ಲಿ ಉಳಿದ ಚಿತ್ರ ಎತ್ತರದ ಆಳು, ಬಾಯಲ್ಲಿ ಪೈಪು. ಅದಕ್ಕೆ ಮುಂಚಿನ ವರ್ಷಗಳು ಕಲ್ಲಹಳ್ಳಿಯ ಹೊಲಗದ್ದೆಯವು.

ಆ ವರ್ಷಗಳು ಮುಖ್ಯ. ಹಳ್ಳಿಯಲ್ಲಿ ಕಂದಾಯ ಯಾರು ಕಟ್ಟುತ್ತಾರೆ, ಶಾನುಭೋಗರ ಲೆಕ್ಕದಲ್ಲಿ ಯಾರ ಹೆಸರು ಏರುತ್ತೆ ಯಾರ ಹೆಸರು ಏರಲ್ಲ, ಪಂಚಾಯ್ತಿಕಟ್ಟೆ ಮೇಲೆ ಯಾರು ಕೂರುತ್ತಾರೆ ಯಾರು ಕೆಳಗೆ ನಿಲ್ಲುತ್ತಾರೆ, ಇದೆಲ್ಲ ಪುಸ್ತಕ ಓದಿ ತಿಳಿಯೋ ವಿಷಯ ಅಲ್ಲ. 1974ರ ಕಾನೂನಿನ ಒಂದೊಂದು ಕಲಮಿನಲ್ಲೂ ಆ ತಿಳಿವಳಿಕೆ ಕಾಣುತ್ತೆ.

ಕಂದಾಯ ಕಟ್ಟಿದವನಿಗೆ ಮಾತ್ರ ಓಟು

ಅರಸು ಮೊದಲು ಗೆದ್ದದ್ದು 1941ರಲ್ಲಿ, ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ ಶುರುವಾದ ಸಭೆ ಅದು. ಎಲ್ಲರಿಗೂ ಓಟು ಇರಲಿಲ್ಲ. ಇಷ್ಟು ಕಂದಾಯ ಕಟ್ಟಿರಬೇಕು ಅಥವಾ ಇಂಥ ಓದು ಇರಬೇಕು ಅನ್ನೋ ಲೆಕ್ಕ. ಅಂದ್ರೆ ಜಮೀನಿನ ಮೇಲೆ ಹೆಸರಿದ್ದವನೇ ಮತದಾರ, ಗೇಣಿಗೆ ಉಳುವವನು ಲೆಕ್ಕಕ್ಕೇ ಇಲ್ಲ. ಅರಸು ರಾಜಕೀಯ ಶುರು ಮಾಡಿದ್ದು ಜಮೀನುದಾರರೇ ಓಟು ಹಾಕುವ ಚುನಾವಣೆಯಲ್ಲಿ ಅನ್ನೋದನ್ನ ಇಲ್ಲಿ ನೆನಪಿಟ್ಟುಕೊಂಡರೆ ಮುಂದಿನ ಕಥೆ ಚೆನ್ನಾಗಿ ಅರ್ಥ ಆಗುತ್ತೆ.

1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೆ 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಹುಣಸೂರಿನಿಂದ ಶಾಸಕ. ಆಗ ಎಲ್ಲ ವಯಸ್ಕರಿಗೂ ಓಟು ಬಂದಿತ್ತು. ಅಲ್ಲಿಂದ ಮುಂದೆ ಹುಣಸೂರು ಅಂದ್ರೆ ಅರಸು ಅನ್ನೋ ಹಾಗೆ ಆಯಿತು.

ಆದರೆ ಶಾಸಕನಾದ ಮಾತ್ರಕ್ಕೆ ಮುಖ್ಯಮಂತ್ರಿ ಆಗೋದು ಹೇಗೆ? ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ ಒಂದು ಕಡೆ. ಏಕೀಕರಣದ ನಂತರ ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ ಇನ್ನೊಂದು ಕಡೆ. ಮೊದಲು ಒಕ್ಕಲಿಗರ ಸರದಿ, ಆಮೇಲೆ ಲಿಂಗಾಯತರ ಸರದಿ. ಹಿಂದೆ ನಿಲ್ಲೋಕೆ ದೊಡ್ಡ ಜಾತಿ ಇಲ್ಲದ ಅರಸು ಅವರಿಗೆ ಇಪ್ಪತ್ತು ವರ್ಷ ಈ ಲೆಕ್ಕದಲ್ಲಿ ಜಾಗ ಇರಲಿಲ್ಲ. ಸಚಿವರಾಗಿದ್ದರು, ಅದಕ್ಕಿಂತ ಮೇಲೆ ಯಾರೂ ಎಣಿಸಿರಲಿಲ್ಲ.

ಅವಕಾಶ ಬಂದದ್ದು ಕಾಂಗ್ರೆಸ್ ಒಡೆದಾಗ. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ನಡೆದ ಎಐಸಿಸಿ ಅಧಿವೇಶನದಲ್ಲೇ ಬಿರುಕು ಎದ್ದು ಕಂಡಿತ್ತು. ವರ್ಷದ ಕೊನೆಗೆ ಪಕ್ಷ ಎರಡಾಯಿತು. ಒಂದು ಬಣಕ್ಕೆ ನಿಜಲಿಂಗಪ್ಪನವರೇ ರಾಷ್ಟ್ರಾಧ್ಯಕ್ಷರು. ರಾಜ್ಯದ ದೊಡ್ಡ ತಲೆಗಳೆಲ್ಲ ಅವರ ಹಿಂದೆ ಹೋದವು. ಇಂದಿರಾ ಗಾಂಧಿ ಕಡೆ ನಿಲ್ಲೋಕೆ ರಾಜ್ಯದಲ್ಲಿ ಸಿಕ್ಕ ಮುಖಂಡ ಅರಸು. ಖಾಲಿ ಮನೆಯ ಬೀಗದ ಕೈ ಕೊಟ್ಟ ಹಾಗಿತ್ತು ಅದು. 1971ರ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಕ್ಕೆ 27ನ್ನೂ ಇಂದಿರಾ ಕಾಂಗ್ರೆಸ್ ಬಾಚಿಕೊಂಡಿತು. ವೀರೇಂದ್ರ ಪಾಟೀಲರ ಸರ್ಕಾರ ಬಿತ್ತು. ಒಂದು ವರ್ಷ ರಾಷ್ಟ್ರಪತಿ ಆಡಳಿತ. 1972ರ ವಿಧಾನಸಭೆ ಚುನಾವಣೆಯಲ್ಲಿ 216ರಲ್ಲಿ 165 ಸ್ಥಾನ.

ಟಿಕೆಟ್ ಹಂಚಿಕೆಯಲ್ಲಿ ಅರಸು ಕೈಚಳಕ ಕಂಡಿತು. ಹಿಂದುಳಿದವರು, ದಲಿತರು, ಅಲ್ಪಸಂಖ್ಯಾತರು, ಅಲ್ಲಿಯವರೆಗೆ ಪಕ್ಷದ ಕಚೇರಿಯ ಬಾಗಿಲಲ್ಲೇ ನಿಂತಿದ್ದವರು ಅಭ್ಯರ್ಥಿಗಳಾದರು. ಗುರುಮಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ, ಕಾರ್ಕಳದಿಂದ ವೀರಪ್ಪ ಮೊಯಿಲಿ, ಸೋಮವಾರಪೇಟೆಯಿಂದ ಆರ್. ಗುಂಡೂರಾವ್ ಮೊದಲ ಸಲ ವಿಧಾನಸಭೆ ಮೆಟ್ಟಿಲು ಹತ್ತಿದ್ದು ಆ ವರ್ಷವೇ. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬದಲಾದದ್ದೂ ಅರಸು ಕಾಲದಲ್ಲೇ.

ಗೇಣಿ ಅಂದ್ರೆ ಹೇಗಿತ್ತು

ಇವತ್ತಿನ ಹುಡುಗರಿಗೆ ಗೇಣಿ ಅನ್ನೋ ಪದವೇ ಹೊಸದು. ಜಮೀನು ಒಬ್ಬನದು, ಉಳುಮೆ ಇನ್ನೊಬ್ಬನದು. ಬೆಳೆ ಬಂದಾಗ ಇಷ್ಟು ಪಾಲು ಅಥವಾ ಇಷ್ಟು ಖಂಡುಗ ಧಣಿಯ ಮನೆಗೆ ಹೋಗಬೇಕು. ಮಳೆ ಬರಲಿ ಬಿಡಲಿ, ಎಷ್ಟೋ ಕಡೆ ಅಳತೆ ತಪ್ಪುವಂತಿರಲಿಲ್ಲ. ಕಾಗದ ಇರೋದು ಅಪರೂಪ, ಎಲ್ಲ ಬಾಯಿಮಾತು. ಅಳೆಯುವ ಕೊಳಗ ಕೂಡ ಧಣಿಯದೇ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿಯೋದಕ್ಕೆ ಕಾರಣ ಇದೇ ಕೊಳಗದ ಜಗಳ. ಅಲ್ಲಿಗೆ ಬಂದ ರಾಮಮನೋಹರ ಲೋಹಿಯಾ ಬಂಧನ ಆದಮೇಲೆ ವಿಷಯ ದೇಶಕ್ಕೆಲ್ಲ ತಿಳಿಯಿತು.

ಕಾನೂನುಗಳು ಮುಂಚೆಯೂ ಇದ್ದವು. ಕಡಿದಾಳ್ ಮಂಜಪ್ಪನವರು ಕಂದಾಯ ಸಚಿವರಾಗಿ 1950ರ ದಶಕದಲ್ಲಿ ಗೇಣಿ, ಇನಾಂ ಕಾನೂನುಗಳಿಗೆ ದಾರಿ ಹಾಕಿದ್ದರು. 1961ರ ಭೂಸುಧಾರಣಾ ಕಾಯ್ದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬಂತು. ಆದರೆ ಅದರಲ್ಲಿ ಒಂದು ದೊಡ್ಡ ಕಿಂಡಿ ಇತ್ತು. 'ಸ್ವಂತ ಸಾಗುವಳಿ ಮಾಡ್ತೀನಿ' ಅಂತ ಧಣಿ ಹೇಳಿದರೆ ಗೇಣಿದಾರನಿಂದ ಜಮೀನಿನ ಒಂದು ಭಾಗ ವಾಪಸ್ ತಗೋಬಹುದಿತ್ತು. ಕೋರ್ಟಿಗೆ ಹೋದರೆ ಧಣಿ ಕಡೆ ವಕೀಲ, ಗೇಣಿದಾರನ ಕಡೆ ಬರೀ ಸಾಕ್ಷಿ. ಆ ಸಾಕ್ಷಿಗಳೂ ಧಣಿಯ ಋಣದಲ್ಲೇ ಇದ್ದವರು. ಕಾನೂನು ಬಂದಿದೆ ಅಂತ ಸುದ್ದಿ ತಿಳಿದು ಒಕ್ಕಲು ಎಬ್ಬಿಸಿದ್ದೇ ಜಾಸ್ತಿ ಆಯಿತು ಅನ್ನೋ ಮಾತು ಹಲವು ಕಡೆ ಇತ್ತು.

ನಮೂನೆ 7, ವಕೀಲರಿಲ್ಲದ ಕಟಕಟೆ

1974ರ ತಿದ್ದುಪಡಿ ಆ ಕಿಂಡಿ ಮುಚ್ಚಿತು. 1974ರ ಮಾರ್ಚ್ 1ಕ್ಕೆ ಮುಂಚೆ ಗೇಣಿಯಲ್ಲಿದ್ದ ಜಮೀನೆಲ್ಲ ಆ ದಿನ ಸರ್ಕಾರಕ್ಕೆ ಸೇರಿತು. ಧಣಿಗೂ ಗೇಣಿದಾರನಿಗೂ ಇದ್ದ ಸಂಬಂಧ ಅಲ್ಲಿಗೆ ಮುಗಿಯಿತು. ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿ, ತಾನು ಉಳುತ್ತಿದ್ದೆ ಅಂತ ತೋರಿಸಿದರೆ ಅಧಿಭೋಗದ ಹಕ್ಕು ಸಿಗುತ್ತಿತ್ತು. ಆಮೇಲೆ ಕೈಗೆ ಬರೋದು ನಮೂನೆ 10ರ ಪ್ರಮಾಣಪತ್ರ. ಧಣಿಗೆ ಕಾನೂನು ಗೊತ್ತುಪಡಿಸಿದ ಪರಿಹಾರ. ಇನ್ನು ಮುಂದೆ ಜಮೀನು ಗೇಣಿಗೆ ಕೊಡೋದೇ ನಿಷೇಧ. ಸೈನಿಕರು, ಹಡಗಿನ ನೌಕರರಿಗೆ ಮಾತ್ರ ರಿಯಾಯಿತಿ ಇತ್ತು.

ಭೂಮಿತಿಯೂ ಬಿಗಿಯಾಯಿತು. ಐದು ಜನರ ಕುಟುಂಬಕ್ಕೆ 10 ಯೂನಿಟ್. ಒಳ್ಳೇ ನೀರಾವರಿ ಜಮೀನಾದರೆ 10 ಎಕರೆ, ಮಳೆ ನಂಬಿದ ಖುಷ್ಕಿಯಾದರೆ 54 ಎಕರೆ. ಕುಟುಂಬ ದೊಡ್ಡದಾದರೂ 20 ಯೂನಿಟ್ ದಾಟುವಂತಿರಲಿಲ್ಲ.

ಅರ್ಜಿ ಯಾರು ತೀರ್ಮಾನಿಸೋದು ಅನ್ನೋದೇ ದೊಡ್ಡ ವಿಷಯ. ಸಿವಿಲ್ ಕೋರ್ಟನ್ನು ಪಕ್ಕಕ್ಕೆ ಸರಿಸಿ ತಾಲ್ಲೂಕಿಗೊಂದು ಭೂನ್ಯಾಯಮಂಡಳಿ ಮಾಡಿದರು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಅಧಿಕಾರಿಗಳಲ್ಲದ ಸದಸ್ಯರು, ಅವರಲ್ಲಿ ಪರಿಶಿಷ್ಟರೊಬ್ಬರು ಇರಲೇಬೇಕು. ವಕೀಲರಿಗೆ ಪ್ರವೇಶ ಇಲ್ಲ. ಧಣಿಯೂ ಗೇಣಿದಾರನೂ ಸ್ವತಃ ನಿಂತು ಮಾತಾಡಬೇಕು. ತಲೆಮಾರುಗಳಿಂದ ಜಗಲಿ ಕೆಳಗೆ ಕೈಕಟ್ಟಿ ನಿಂತವನು ಧಣಿಯ ಎದುರಿಗೇ 'ಈ ಗದ್ದೆ ನಾನು ಉಳ್ತಿದ್ದೆ ಸ್ವಾಮಿ' ಅಂತ ಹೇಳಬೇಕಾಯಿತು. ಹೇಳೋಕೆ ಧೈರ್ಯ ಸಾಲದೆ ಅರ್ಜಿ ಹಾಕದೇ ಉಳಿದವರೂ ಇದ್ದರು. ಅದಕ್ಕೇ ಕೊನೆಯ ದಿನಾಂಕ ಮತ್ತೆ ಮತ್ತೆ ಮುಂದೂಡಿ, 1979ರ ಜೂನ್ 30ರವರೆಗೆ ಹೋಯಿತು. ಮಂಡಳಿಯ ತೀರ್ಪಿನ ಮೇಲೆ ಆಗ ಹೋಗೋಕೆ ಇದ್ದ ಜಾಗ ಹೈಕೋರ್ಟ್ ಒಂದೇ, ಅದೂ ರಿಟ್ ಅರ್ಜಿ ಮೂಲಕ. ಹೋದವರ ಸಂಖ್ಯೆಯೇನೂ ಕಮ್ಮಿ ಇಲ್ಲ.

ರಾಜ್ಯದಲ್ಲಿ ಬಂದ ಅರ್ಜಿಗಳು ಎಂಟು ಲಕ್ಷದ ಸುಮಾರು. ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರ ಆದವು. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12(2)ರಲ್ಲಿ ಸಾಗುವಳಿದಾರರ ಹೆಸರು ಇರುತ್ತೆ ಅನ್ನೋದು ಹಳ್ಳಿಯವರಿಗೆ ಗೊತ್ತು. 12(2)ರಲ್ಲಿದ್ದ ಹೆಸರು 9ಕ್ಕೆ ಏರಿದ್ದೇ ಈ ಕಾನೂನಿನ ಪೂರ್ತಿ ಕಥೆ ಅಂದರೂ ನಡೆಯುತ್ತೆ. ಹಾಗೆ ಬಂದ ಜಮೀನನ್ನು 15 ವರ್ಷ ಮಾರುವಂತಿಲ್ಲ ಅನ್ನೋ ಷರತ್ತೂ ಇತ್ತು. ಇಂಥ ಜಮೀನು ಕೊಳ್ಳುವವರು ನಮೂನೆ 10, ಮಂಡಳಿಯ ಆದೇಶದ ಪ್ರತಿ ಕೇಳೋದು ಅದಕ್ಕೇ.

ಯಾರಿಗೆ ಸಿಕ್ಕಿತು, ಯಾರಿಗೆ ಇಲ್ಲ

ಅರಸು ಕಾನೂನಿನ ದೊಡ್ಡ ಫಲ ಕಂಡದ್ದು ಅವರ ಸ್ವಂತ ಸೀಮೆಯಲ್ಲಿ ಅಲ್ಲ. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಕಡೆ ಗೇಣಿ ಪದ್ಧತಿ ಆಳವಾಗಿತ್ತು. ಚಾಲಗೇಣಿ, ಮೂಲಗೇಣಿ ಅಂತ ಬಗೆಬಗೆ. ಅರ್ಜಿಗಳ ರಾಶಿ ಬಿದ್ದದ್ದು ಅಲ್ಲೇ, ಧಣಿಗಳ ಮನೆ ಖಾಲಿ ಆದದ್ದೂ ಅಲ್ಲೇ. ಕರಾವಳಿಯಲ್ಲಿ ಒಂದೇ ತಲೆಮಾರಿನಲ್ಲಿ ಒಕ್ಕಲು ಮಕ್ಕಳು ಶಾಲೆ, ಕಾಲೇಜು, ಬ್ಯಾಂಕು, ಮುಂಬಯಿ ಅಂತ ಹರಡಿದ್ದರ ಹಿಂದೆ ಈ ಜಮೀನಿನ ಬಲ ಇದೆ.

ಮೈಸೂರು, ಮಂಡ್ಯ ಕಡೆ ಸ್ವಂತ ಜಮೀನು ಸ್ವಂತ ಉಳುಮೆಯ ಸಣ್ಣ ರೈತರೇ ಹೆಚ್ಚು. ಇಲ್ಲಿ ಬದಲಾಗಬೇಕಾದ ಜಮೀನೇ ಕಡಿಮೆ ಇತ್ತು. ಈ ಕಡೆಯ ದೊಡ್ಡ ರೈತರು ಕಾನೂನಿಗೆ ಹೆಚ್ಚು ಅಡ್ಡ ಬರದೇ ಇದ್ದದ್ದಕ್ಕೆ ಅದೂ ಒಂದು ಕಾರಣ.

ತಕರಾರು ಎರಡು ಕಡೆಯಿಂದ ಬಂತು. ಒಂದು, ಕಳಕೊಂಡವರದು. ದೊಡ್ಡ ಧಣಿಗಳ ಜೊತೆಗೆ, ಎರಡು ಮೂರು ಎಕರೆ ಗೇಣಿಗೆ ಬಿಟ್ಟು ಊರಾಚೆ ಮೇಷ್ಟ್ರಾಗಿದ್ದವರು, ಗಂಡ ತೀರಿಕೊಂಡು ಬೇರೆಯವರ ಕೈಲಿ ಉಳಿಸುತ್ತಿದ್ದ ಹೆಂಗಸರು ಸಹ ಒಂದೇ ತಕ್ಕಡಿಯಲ್ಲಿ ತೂಗಿಹೋದರು. ಕಾನೂನಿನ ಕಣ್ಣಿಗೆ ನೂರು ಎಕರೆಯ ಧಣಿಯೂ ಮೂರು ಎಕರೆಯ ವಿಧವೆಯೂ ಒಂದೇ 'ಭೂಮಾಲೀಕ'. ಇದು ಅನ್ಯಾಯ ಅನ್ನೋ ಮಾತಿಗೆ ಅರಸು ಸರ್ಕಾರದ ಬಳಿ ಸರಿಯಾದ ಉತ್ತರ ಇರಲಿಲ್ಲ.

ಇನ್ನೊಂದು, ಏನೂ ಸಿಗದವರದು. ಕಾನೂನು ಉಳುವವನಿಗೆ ಭೂಮಿ ಕೊಟ್ಟಿತು. ನೇಗಿಲು ಹಿಡಿದವನಿಗೆ ಗೇಣಿದಾರ ಅನ್ನೋ ಗುರುತು ಇದ್ದರೆ ಮಾತ್ರ. ಕೂಲಿಗೆ ಉಳುತ್ತಿದ್ದವನು, ನಾಟಿ ಮಾಡುತ್ತಿದ್ದವಳು, ಜೀತಕ್ಕಿದ್ದವನು ಯಾವ ನಮೂನೆಯಲ್ಲೂ ಬರಲಿಲ್ಲ. ಅವರಲ್ಲಿ ಹೆಚ್ಚಿನವರು ದಲಿತರು. ಭೂಮಿತಿಯಿಂದ ಹೆಚ್ಚುವರಿ ಜಮೀನು ಬಂದು ಅವರಿಗೆ ಹಂಚಿಕೆ ಆಗಬೇಕಿತ್ತು. ಬಂದದ್ದು ಸ್ವಲ್ಪ, ಹಂಚಿದ್ದು ಇನ್ನೂ ಸ್ವಲ್ಪ. ಧಣಿಯ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೃಷಿ ಕೂಲಿಗಳಿಗೆ ಆ ಗುಡಿಸಲಿನ ಜಾಗದ ಹಕ್ಕು ಕೊಡುವ ಕಲಮು ಇತ್ತು. ಹೊಲ ಸಿಗದವರಿಗೆ ಸಿಕ್ಕ ಸಮಾಧಾನ ಅಷ್ಟು.

ಈ ಕೊರತೆ ಅರಸು ಅವರಿಗೂ ಗೊತ್ತಿತ್ತು ಅನ್ನೋದಕ್ಕೆ ಅವರ ಎರಡನೇ ಅವಧಿಯ ಇನ್ನೊಂದು ಕಾನೂನು ಸಾಕ್ಷಿ. 1978ರ ಪರಿಶಿಷ್ಟ ಜಾತಿ, ಪಂಗಡಗಳ ಜಮೀನು ಪರಭಾರೆ ನಿಷೇಧ ಕಾಯ್ದೆ, ಜನರ ಬಾಯಲ್ಲಿ ಪಿಟಿಸಿಎಲ್. 1979ರ ಜನವರಿ 1ರಿಂದ ಜಾರಿ. ಸರ್ಕಾರದಿಂದ ಮಂಜೂರಾದ ಜಮೀನನ್ನು ದಲಿತರು ಷರತ್ತು ಮೀರಿ ಮಾರಿದ್ದರೆ ಆ ಮಾರಾಟವೇ ಊರ್ಜಿತ ಅಲ್ಲ, ಜಮೀನು ಮೂಲ ಮಂಜೂರುದಾರರಿಗೆ ವಾಪಸ್. ಕಷ್ಟಕ್ಕೋ ಸಾಲಕ್ಕೋ ಚೂರುಪಾರಿಗೆ ಕೈಬಿಟ್ಟ ಭೂಮಿ ಮರಳಿ ಕೊಡಿಸುವ ದಾರಿ ಅದು. ಎಷ್ಟು ವರ್ಷದ ಒಳಗೆ ಅರ್ಜಿ ಹಾಕಬೇಕು ಅನ್ನೋ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 'ಸಮಂಜಸ ಅವಧಿ'ಯೊಳಗೆ ಅಂತ ತೀರ್ಪಾಯಿತು. 2023ರಲ್ಲಿ ರಾಜ್ಯ ಸರ್ಕಾರ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ತಂದಿತು. ಸೈಟು, ಜಮೀನು ಕೊಳ್ಳುವವರು ಮೂಲ ಮಂಜೂರಾತಿ ಯಾರದು ಅಂತ ನೋಡಲೇಬೇಕಾದ ಕಾರಣ ಇಲ್ಲಿದೆ.

ಅಂಗಡಿಯವರ ಲೆಕ್ಕ

ಅರಸು ಅಂದ್ರೆ ಬರೀ ರೈತರ ವಿಷಯ ಅಂದುಕೊಂಡವರಿಗೆ ಹಳೇ ವ್ಯಾಪಾರಿಗಳು ಇನ್ನೆರಡು ನೆನಪು ಹೇಳಬಹುದು. ಒಂದು ಕಹಿ, ಒಂದು ಸಿಹಿ.

ಕಹಿಯದು 1976ರ ಋಣ ಪರಿಹಾರ ಕಾಯ್ದೆ. ಸಣ್ಣ ರೈತರು, ಭೂಮಿ ಇಲ್ಲದ ಕೂಲಿಗಳು, ದುರ್ಬಲ ವರ್ಗದವರು ಖಾಸಗಿಯಾಗಿ ಮಾಡಿದ್ದ ಸಾಲ ಮನ್ನಾ, ಗಿರವಿ ಇಟ್ಟ ಒಡವೆ ಪಾತ್ರೆ ವಾಪಸ್. ಚಕ್ರಬಡ್ಡಿಯಲ್ಲಿ ಸಿಕ್ಕಿದ್ದ ಮನೆಗಳಿಗೆ ಇದು ಉಸಿರು ಬಂದ ಹಾಗೆ ಆಯಿತು. ಗಿರವಿ ಅಂಗಡಿಯವರಿಗೆ ಕೈಯಲ್ಲಿದ್ದ ಒತ್ತೆಯೇ ಹೋಯಿತು. ಮಾರನೇ ವರ್ಷ ಬಿತ್ತನೆ ಹೊತ್ತಿಗೆ ಕೈಸಾಲ ಕೊಡೋರು ಸಿಗಲಿಲ್ಲ ಅನ್ನೋ ದೂರೂ ಅದರ ಬೆನ್ನಿಗೇ ಬಂತು. ಸೊಸೈಟಿ, ಬ್ಯಾಂಕು ಆ ಜಾಗ ತುಂಬಬೇಕಿತ್ತು, ಎಲ್ಲ ಕಡೆ ತುಂಬಲಿಲ್ಲ.

ಸಿಹಿಯದು ಆಕ್ಟ್ರಾಯ್ ರದ್ದು. ಊರಿಗೆ ಸರಕು ತರುವ ಗಾಡಿ, ಲಾರಿ ಪುರಸಭೆಯ ನಾಕಾದಲ್ಲಿ ನಿಂತು ಸುಂಕ ಕಟ್ಟಬೇಕಿದ್ದ ಕಾಲ. ಒಂದೇ ಮೂಟೆ ಊರಿಂದ ಊರಿಗೆ ಹೋಗುವಾಗ ಎಷ್ಟು ನಾಕಾ ದಾಟುತ್ತೋ ಅಷ್ಟು ಸಲ ಕಾಯೋದು. ಇದನ್ನು ತೆಗೆಯೋದು ಹೇಗೆ ಅಂತ ನೋಡೋಕೆ 1973ರಲ್ಲಿ ಮಲ್ಲಿಕಾರ್ಜುನ ಖರ್ಗೆ ಅಧ್ಯಕ್ಷತೆಯಲ್ಲಿ ಸಮಿತಿ ಆಯಿತು. ಅದರ ವರದಿ ಆಧಾರದ ಮೇಲೆ ಅರಸು ಸರ್ಕಾರ ಆಕ್ಟ್ರಾಯ್ ಎತ್ತಿ, 1979ರಲ್ಲಿ ಪ್ರವೇಶ ತೆರಿಗೆ ಕಾಯ್ದೆ ತಂದಿತು. ತೆರಿಗೆ ಪೂರ್ತಿ ಹೋಗಲಿಲ್ಲ, ನಾಕಾ ಹೋಯಿತು.

ಹಾವನೂರು ವರದಿ, ಬೂಸಾ ಗಲಾಟೆ

1972ರ ಆಗಸ್ಟ್‌ನಲ್ಲಿ ಎಲ್.ಜಿ. ಹಾವನೂರು ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಕ ಆಯಿತು. 1975ರ ನವೆಂಬರ್‌ನಲ್ಲಿ ವರದಿ. ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಬಿಟ್ಟದ್ದಕ್ಕೆ ದೊಡ್ಡ ಗಲಾಟೆ ಎದ್ದಿತು. 1977ರ ಫೆಬ್ರವರಿಯಲ್ಲಿ ಸರ್ಕಾರ ಮೀಸಲಾತಿ ಆದೇಶ ಹೊರಡಿಸುವಾಗ 'ವಿಶೇಷ ಗುಂಪು' ಅಂತ ಇನ್ನೊಂದು ಸೇರಿಸಿತು. ಜಾತಿ ಯಾವುದೇ ಇರಲಿ, ಸ್ವತಃ ಉಳುವ ಬಡ ರೈತ, ಕುಶಲಕರ್ಮಿ, ಚಿಲ್ಲರೆ ವ್ಯಾಪಾರಿಯಂಥವರ ಮಕ್ಕಳಿಗೆ ಆದಾಯ ನೋಡಿ ಅದರಲ್ಲಿ ಜಾಗ. ಹಾಸ್ಟೆಲುಗಳು ಹೆಚ್ಚಿದವು. ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆ ಬಂತು. ಇವತ್ತು ತಾಲ್ಲೂಕಿನ ಹುಡುಗರು ಸ್ವಯಂ ಉದ್ಯೋಗದ ಸಾಲಕ್ಕೆ ಅರ್ಜಿ ಹಾಕುವ ನಿಗಮಕ್ಕೆ ಅರಸು ಅವರ ಹೆಸರೇ ಇದೆ.

ಸಂಪುಟದಲ್ಲಿ ಬಿ. ಬಸವಲಿಂಗಪ್ಪ ಇದ್ದರು. ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸೋಕೆ ಪಟ್ಟು ಹಿಡಿದವರು ಅವರೇ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಅಂದದ್ದಕ್ಕೆ ರಾಜ್ಯದಲ್ಲೆಲ್ಲ ಗಲಾಟೆ ಆಗಿ, ರಾಜೀನಾಮೆ ಕೊಡಬೇಕಾಯಿತು. ಅರಸು ಅವರನ್ನು ಉಳಿಸಿಕೊಳ್ಳಲಿಲ್ಲ. ಹಿಂದುಳಿದವರ ಹರಿಕಾರ ಅನ್ನೋ ಬಿರುದಿನ ಪಕ್ಕದಲ್ಲಿ ಈ ಸಂಗತಿಯನ್ನೂ ಇಟ್ಟು ನೋಡಬೇಕು.

ತುರ್ತು ಪರಿಸ್ಥಿತಿ, ಗ್ರೋವರ್ ಆಯೋಗ

1975ರಿಂದ 77ರ ತುರ್ತು ಪರಿಸ್ಥಿತಿಯಲ್ಲಿ ಅರಸು ಇಂದಿರಾ ಅವರ ಮುಖ್ಯಮಂತ್ರಿ. ಅಡ್ವಾಣಿ, ಮಧು ದಂಡವತೆ ಮೊದಲಾದವರು ಬೆಂಗಳೂರಿನ ಜೈಲಿನಲ್ಲಿದ್ದರು. ಅದೇ ಜೈಲಿನಲ್ಲಿ ಕಲಾವಿದೆ ಸ್ನೇಹಲತಾ ರೆಡ್ಡಿ ಅವರ ಆರೋಗ್ಯ ಕೆಟ್ಟು, ಬಿಡುಗಡೆಯಾದ ಸ್ವಲ್ಪ ದಿನಕ್ಕೇ ತೀರಿಕೊಂಡರು. ಭೂನ್ಯಾಯಮಂಡಳಿಗಳ ಕೆಲಸ ನಡೆದದ್ದೂ ಇದೇ ಹೊತ್ತಿನಲ್ಲಿ. ಬಾಯಿ ಮುಚ್ಚಿಸಿದ ಕಾಲ ಅಂತ ಕೆಲವರು ನೆನಪಿಡುವ ವರ್ಷಗಳನ್ನೇ ಜಮೀನು ಬಂದ ವರ್ಷ ಅಂತ ಇನ್ನು ಕೆಲವರು ನೆನಪಿಡುತ್ತಾರೆ. 1977ರ ಲೋಕಸಭೆ ಚುನಾವಣೆಯಲ್ಲಿ ಉತ್ತರದಲ್ಲಿ ಕಾಂಗ್ರೆಸ್ ಗುಡಿಸಿ ಹೋದರೂ ಕರ್ನಾಟಕದ 28ರಲ್ಲಿ 26 ಸ್ಥಾನ ಬಂದದ್ದು ಸುಮ್ಮನೆ ಅಲ್ಲ.

ಜನತಾ ಸರ್ಕಾರ ದೆಹಲಿಯಲ್ಲಿ ಬಂದ ಕೂಡಲೇ ಅರಸು ವಿರುದ್ಧದ ಆರೋಪಗಳ ತನಿಖೆಗೆ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಆಯೋಗ ನೇಮಿಸಿತು. ಕೇಂದ್ರಕ್ಕೆ ಆ ಅಧಿಕಾರ ಇಲ್ಲ ಅಂತ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ ಸೋತಿತು. ಸ್ವಜನಪಕ್ಷಪಾತದ ಕೆಲವು ಆರೋಪಗಳಲ್ಲಿ ಹುರುಳಿದೆ ಅಂತ ಆಯೋಗ ಹೇಳಿತು. ಅವರ ಸರ್ಕಾರದಲ್ಲಿ ದುಡ್ಡಿನ ವ್ಯವಹಾರ ಬಿಗಿಯಾಗಿರಲಿಲ್ಲ ಅನ್ನೋ ಮಾತು ಆಗಲೂ ಇತ್ತು, ಈಗಲೂ ಇದೆ. ಅರಸು ಅಭಿಮಾನಿಗಳು ಅದನ್ನು ಬದಿಗೆ ಸರಿಸಿ ಮಾತಾಡ್ತಾರೆ; ವಿರೋಧಿಗಳು ಅದೊಂದನ್ನೇ ಮಾತಾಡ್ತಾರೆ.

1977ರ ಡಿಸೆಂಬರ್ 31ಕ್ಕೆ ರಾಷ್ಟ್ರಪತಿ ಆಡಳಿತ. ಎರಡೇ ತಿಂಗಳಿಗೆ ಚುನಾವಣೆ, ಇಂದಿರಾ ಅವರ ಹೊಸ ಪಕ್ಷಕ್ಕೆ 224ರಲ್ಲಿ 149. ಅದೇ ವರ್ಷ ನವೆಂಬರ್‌ನಲ್ಲಿ ಚಿಕ್ಕಮಗಳೂರು ಲೋಕಸಭೆ ಉಪಚುನಾವಣೆ. ಡಿ.ಬಿ. ಚಂದ್ರೇಗೌಡ ಬಿಟ್ಟುಕೊಟ್ಟ ಸ್ಥಾನದಲ್ಲಿ ಇಂದಿರಾ ಗಾಂಧಿ ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಸೋತು ಮನೆ ಸೇರಿದ್ದ ನಾಯಕಿಗೆ ಮತ್ತೆ ಸಂಸತ್ತಿನ ಬಾಗಿಲು ತೆಗೆಸಿದ ಚುನಾವಣೆ ಅದು. ಮುಂದೆ ನಿಂತು ನಡೆಸಿದವರು ಅರಸು.

ಕೊನೆಯ ಮೂರು ವರ್ಷ

ಆ ಸ್ನೇಹ ಏಳೆಂಟು ತಿಂಗಳೂ ಉಳಿಯಲಿಲ್ಲ. ಪಕ್ಷದ ಮೇಲೆ ಯಾರ ಹಿಡಿತ ಇರಬೇಕು, ಸಂಜಯ ಗಾಂಧಿ ಮತ್ತೆ ತಲೆ ಹಾಕೋದು ಸರಿಯೇ ಅನ್ನೋ ವಿಷಯಕ್ಕೆ ಮನಸ್ತಾಪ ಬೆಳೆದು, 1979ರ ಜೂನ್‌ನಲ್ಲಿ ಅರಸು ಅವರನ್ನು ಪಕ್ಷದಿಂದ ಹೊರಗೆ ಹಾಕಿದರು. ರಾಜ್ಯದ ಶಾಸಕರಲ್ಲಿ ಬಹುಪಾಲು ಜನ ಆಗ ಅವರ ಜೊತೆಗೇ ನಿಂತರು. ದೇಶಮಟ್ಟದಲ್ಲಿ ಕಾಂಗ್ರೆಸ್ (ಅರಸು) ಅಂತ ಪಕ್ಷವೇ ಆಯಿತು.

1980ರ ಜನವರಿಯ ಲೋಕಸಭೆ ಚುನಾವಣೆ ಬಂತು. ಕರ್ನಾಟಕದ 28ರಲ್ಲಿ 27 ಇಂದಿರಾ ಕಾಂಗ್ರೆಸ್‌ಗೆ. ಜಮೀನು ಪಡೆದ ಗೇಣಿದಾರ, ಹಾಸ್ಟೆಲ್ ಸೇರಿದ ಹುಡುಗನ ಅಪ್ಪ, ಇವರೆಲ್ಲ ಓಟು ಹಾಕಿದ್ದು ಇಂದಿರಮ್ಮನಿಗೆ. ಕಾನೂನು ಮಾಡಿದವರು ಯಾರು ಅಂತ ಗೊತ್ತಿದ್ದರೂ ಗುರುತು ಕೈಯದು. ಫಲಿತಾಂಶ ಬಂದ ಕೂಡಲೇ ಶಾಸಕರು ಗುಂಪುಗುಂಪಾಗಿ ದಾಟಿದರು. ಅರಸು ರಾಜೀನಾಮೆ ಕೊಟ್ಟರು, ಅವರದೇ ಸಂಪುಟದಲ್ಲಿ ಬೆಳೆದಿದ್ದ ಗುಂಡೂರಾವ್ ಜನವರಿ 12ರಂದು ಮುಖ್ಯಮಂತ್ರಿ ಆದರು.

ಅಧಿಕಾರ ಹೋದ ಮೇಲೆ ಅರಸು ಮನೆಗೆ ಬರುವವರು ತೀರಾ ಕಡಿಮೆ ಆದರು ಅಂತಾರೆ. ಅವರ ಹೆಸರಿನ ರಾಷ್ಟ್ರೀಯ ಪಕ್ಷ ಶರದ್ ಪವಾರ್ ಕೈಗೆ ಹೋಗಿ ಹೆಸರೂ ಬದಲಾಯಿತು. ಕರ್ನಾಟಕ ಕ್ರಾಂತಿ ರಂಗ ಅಂತ ಹೊಸದಾಗಿ ಕಟ್ಟೋಕೆ ಹೊರಟಿದ್ದಾಗಲೇ 1982ರ ಜೂನ್ 6ರಂದು ತೀರಿಕೊಂಡರು. ಆಗ ವಯಸ್ಸು 66.

ಏಳು ತಿಂಗಳಿಗೆ, 1983ರ ಜನವರಿ ಚುನಾವಣೆಯಲ್ಲಿ ಜನತಾ ಪಕ್ಷ ಮತ್ತು ಬಂಗಾರಪ್ಪ ಮುಂದಾಳತ್ವದ ಕ್ರಾಂತಿ ರಂಗ ಸೇರಿ ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ತಂದವು. ಹುಣಸೂರಿನಿಂದ ಗೆದ್ದವರು ಅರಸು ಅವರ ಮಗಳು ಚಂದ್ರಪ್ರಭಾ ಅರಸು. ಆಮೇಲೆ ಸಚಿವೆಯಾದರು, 1991ರಲ್ಲಿ ಮೈಸೂರಿನ ಸಂಸದೆಯೂ ಆದರು.

ಭೂಸುಧಾರಣಾ ಕಾಯ್ದೆ ಪುಸ್ತಕದಲ್ಲಿ ಇನ್ನೂ ಇದೆ. ರೈತರಲ್ಲದವರು, ಹೆಚ್ಚು ಆದಾಯ ಇರುವವರು ಕೃಷಿ ಜಮೀನು ಕೊಳ್ಳದ ಹಾಗೆ ತಡೆದಿದ್ದ 79ಎ, 79ಬಿ ಕಲಮುಗಳು ಮಾತ್ರ 2020ರ ತಿದ್ದುಪಡಿಯಲ್ಲಿ ಹೋದವು. ಗೇಣಿಗೆ ಕೊಡಬಾರದು ಅನ್ನೋ ಕಲಮು ಹಾಗೇ ಇದೆ. ಆದರೂ ಊರಿಗೆ ಬಂದು ನೋಡಿದರೆ ವಾರಕ್ಕೆ, ಗುತ್ತಿಗೆಗೆ ಅಂತ ಬೇರೆಯವರ ಜಮೀನು ಮಾಡೋರು ಬೇಕಾದಷ್ಟು ಜನ ಸಿಗುತ್ತಾರೆ, ಮೊದಲಿನ ಹಾಗೇ ಬಾಯಿಮಾತಿನ ಮೇಲೆ, ಪಹಣಿಯ ಯಾವ ಕಾಲಂನಲ್ಲೂ ಹೆಸರಿಲ್ಲದೆ.